ಸಮೋವಾ ಕರೆಗಳ ದಿನ-ವಾರದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕರೆಯ ಸಮಯ ಹಾಕುವಾಗ ದಯವಿಟ್ಟು ಗಂಟೆಯ ಜೊತೆ ಊರು, ವಾರ ಎರಡನ್ನೂ ಬರೆಯಿರಿ. ಸಮೋವಾದ ರಾಜಧಾನಿ ಅಪಿಯಾದಲ್ಲೂ ಪಕ್ಕದ ಅಮೆರಿಕನ್ ಸಮೋವಾದ ರಾಜಧಾನಿ ಪಾಗೊ ಪಾಗೊದಲ್ಲೂ ಗಡಿಯಾರ ಒಂದೇ ಗಂಟೆ ತೋರಿಸುತ್ತದೆ, ಆದರೆ ತಾರೀಖು ಬೇರೆ. ಸಮೋವಾದಲ್ಲಿ ಸೋಮವಾರ ಬೆಳಿಗ್ಗೆ 10 ಆದಾಗ ಅಮೆರಿಕನ್ ಸಮೋವಾದಲ್ಲಿ ಭಾನುವಾರ ಬೆಳಿಗ್ಗೆ 10. ನಡುವೆ ಇರುವುದು ಸಣ್ಣ ವಿಮಾನದ ಅರ್ಧ-ಮುಕ್ಕಾಲು ಗಂಟೆ ದಾರಿ ಅಷ್ಟೇ.

ಮೊದಲು ಹೀಗಿರಲಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆಗಿನ ವ್ಯಾಪಾರಕ್ಕೆ ಅನುಕೂಲವಾಗಲೆಂದು ಸಮೋವಾ 2011ರ ಡಿಸೆಂಬರ್ 30ನ್ನೇ ಬಿಟ್ಟು, 29ರಿಂದ ನೇರ 31ಕ್ಕೆ ಹೋಯಿತು. ಆ ಶುಕ್ರವಾರ ಅಲ್ಲಿ ಬರಲೇ ಇಲ್ಲ! ಅಮೆರಿಕನ್ ಸಮೋವಾ ಹಳೆಯ ದಿನದಲ್ಲೇ ಉಳಿಯಿತು. ಅಲ್ಲಿನ ಹಣ ಡಾಲರ್, ಸಮೋವಾದ್ದು ತಾಲಾ. ಅಲ್ಲಿ ವಾಹನ ಬಲಕ್ಕೆ, ಸಮೋವಾದಲ್ಲಿ 2009ರಿಂದ ಎಡಕ್ಕೆ.

ಭಾನುವಾರ ಮಾತ್ರ ಎರಡೂ ಕಡೆ ಒಂದೇ ತರಹ, ನನಗೆ ತುಂಬ ಇಷ್ಟವಾಗುವುದೂ ಅದೇ. ಬೆಳಗಾಗುತ್ತಲೇ ಕಾದ ಕಲ್ಲುಗಳ ಒಲೆ 'ಉಮು'ವಿನ ಹೊಗೆ ಏಳುತ್ತದೆ. ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಸುತ್ತಿಟ್ಟು ಬೇಯಿಸುತ್ತಾರೆ. ಚರ್ಚು ಮುಗಿದ ಮೇಲೆ ಇಡೀ ಮನೆಮಂದಿ ಕೂತು ಊಟ. ಆ ಹೊತ್ತಿನಲ್ಲಿ ಯಾರಿಗೂ ಕರೆ ಮಾಡಬೇಡಿ.

ಹೀಗೆ ವಾರ ಒಂದು ದಿನ ಹಿಂದೆ-ಮುಂದೆ ಇರುವುದರಿಂದ ಎರಡೂ ಕಡೆ ಕೆಲಸದ ದಿನವಾಗಿ ಸಿಗುವುದು ವಾರಕ್ಕೆ ನಾಲ್ಕೇ: ಅಪಿಯಾ ಲೆಕ್ಕದಲ್ಲಿ ಮಂಗಳವಾರದಿಂದ ಶುಕ್ರವಾರ. ಜಂಟಿ ಕರೆಗಳನ್ನು ಇಷ್ಟರೊಳಗೇ ಇಟ್ಟುಕೊಳ್ಳೋಣ. ಮುಸ್ಸಂಜೆಯ ಪ್ರಾರ್ಥನೆಯ ಹೊತ್ತನ್ನೂ ಬಿಟ್ಟುಬಿಡಿ.