ಹುಲಿಯ ಹಿಕ್ಕೆಯಲ್ಲಿರುವ ಹಾರ್ಮೋನುಗಳನ್ನೂ ಅಳೆಯಲಿ

ಮಾನ್ಯ ಸಂಪಾದಕರೇ,

ಹುಲಿ ಗಣತಿಯ ವರದಿ ಹೊರಬಿದ್ದಾಗಲೆಲ್ಲ ಕರ್ನಾಟಕ ಎಷ್ಟನೆಯ ಸ್ಥಾನದಲ್ಲಿದೆ ಎಂಬ ಚರ್ಚೆಯೇ ಮುನ್ನೆಲೆಗೆ ಬರುತ್ತದೆ. 2022ರ ಅಂದಾಜಿನಂತೆ ರಾಜ್ಯದಲ್ಲಿ 563 ಹುಲಿಗಳಿರುವುದು ಸಂತಸದ ವಿಷಯವೇ. ಆದರೆ ಹೆಣ್ಣು ಹುಲಿಗಳು ಸಕಾಲಕ್ಕೆ ಬೆದೆಗೆ ಬರುತ್ತಿವೆಯೇ, ಗರ್ಭ ಕಟ್ಟುತ್ತಿವೆಯೇ ಎಂಬುದು ಈ ಲೆಕ್ಕದಿಂದ ತಿಳಿಯದು.

2008ರಲ್ಲಿ ರಾಜಸ್ಥಾನದ ರಣಥಂಬೋರ್‌ ಅರಣ್ಯದಿಂದ ಅದೇ ರಾಜ್ಯದ ಸರಿಸ್ಕಾಕ್ಕೆ ಹುಲಿಗಳನ್ನು ತಂದು ಬಿಡುವ ಕೆಲಸ ಆರಂಭವಾದರೂ ಅಲ್ಲಿ ಮೊದಲ ಮರಿಗಳು ಕಾಣಿಸಿಕೊಂಡದ್ದು 2012ರಲ್ಲಿ. ಆ ಹುಲಿಗಳ ಹಿಕ್ಕೆಯನ್ನು ಪರೀಕ್ಷಿಸಿದ ವಿಜ್ಞಾನಿಗಳು, ಒತ್ತಡದ ಹಾರ್ಮೋನಿನ ಏರಿಕೆಗೂ ಜನರ ಹಸ್ತಕ್ಷೇಪಕ್ಕೂ ನಂಟಿರುವುದನ್ನು ಗುರುತಿಸಿದರು. ಮಧ್ಯಪ್ರದೇಶದ ಕಾನ್ಹಾ ಮತ್ತು ಬಾಂಧವಗಢದಲ್ಲಿ ಪ್ರವಾಸಿಗರ ಋತುವಿನಲ್ಲಿ ಇದೇ ಹಾರ್ಮೋನು ಹೆಚ್ಚಿರುವುದು 2019ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು. ಮರಿಗಳು ತಡವಾಗುವುದಕ್ಕೆ ಇದೊಂದೇ ಕಾರಣವೆನ್ನಲಾಗದು. ಆದರೂ ಒತ್ತಡ ಬಹುಕಾಲ ಮುಂದುವರಿದರೆ ಅಂಡಾಶಯಕ್ಕೆ ಮಿದುಳಿನಿಂದ ಹೋಗುವ ಸೂಚನೆಗಳೇ ಕುಗ್ಗುತ್ತವೆ.

ಹಾರ್ಮೋನು ಅಳೆಯಲು ರಕ್ತ ತೆಗೆಯುವುದಕ್ಕಾಗಿ ಹುಲಿಗೆ ಅರಿವಳಿಕೆ ಚುಚ್ಚುಮದ್ದು ಹೊಡೆದರೆ ಆ ಗಾಬರಿಯೇ ಫಲಿತಾಂಶವನ್ನು ಕೆಡಿಸಬಹುದು. ಹಿಕ್ಕೆಯಾದರೆ ಪ್ರಾಣಿಯನ್ನು ಮುಟ್ಟದೆಯೇ ಸಿಗುತ್ತದೆ. ಆದರೆ ಅದು ತಾಜಾ ಇರಬೇಕು, ಕೂಡಲೇ ಶೈತ್ಯದಲ್ಲಿಡಬೇಕು. ಬಿಸಿಲಿಗೂ ಮಳೆಗೂ ಸಿಕ್ಕಿ ಹಳತಾದರೆ ಬ್ಯಾಕ್ಟೀರಿಯಾಗಳು ಹಾರ್ಮೋನಿನ ಅಂಶವನ್ನೇ ಬದಲಿಸಿಬಿಡುತ್ತವೆ. ಒಂದೇ ಮಾದರಿಯನ್ನು ನಂಬಿ ತೀರ್ಮಾನಕ್ಕೆ ಬರುವುದೂ ತಪ್ಪಾಗುತ್ತದೆ. ಬೆಕ್ಕಿನ ಜಾತಿಯ ಪ್ರಾಣಿಗಳಲ್ಲಿ ಗರ್ಭ ಕಟ್ಟದಿದ್ದರೂ ಅಂಡ ಬಿಡುಗಡೆಯಾದ ಮೇಲೆ ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನು ಏರಿ, ಕೆಲವು ವಾರಗಳ ಬಳಿಕ ಇಳಿಯುವುದುಂಟು. ಸ್ಪೇನಿನ ಐಬೀರಿಯನ್ ಲಿಂಕ್ಸ್ ಎಂಬ ಕಾಡುಬೆಕ್ಕಿನಲ್ಲಂತೂ ಆ ಹಾರ್ಮೋನನ್ನು ಸ್ರವಿಸುವ ಅಂಗಾಂಶ ಹೆರಿಗೆಯ ನಂತರವೂ ಅಂಡಾಶಯದಲ್ಲಿ ಉಳಿಯುವುದರಿಂದ, ಗರ್ಭವನ್ನು ಗುರುತಿಸಲು ಪ್ರೊಸ್ಟಗ್ಲಾಂಡಿನ್ ಎಂಬ ಬೇರೊಂದು ರಾಸಾಯನಿಕದ ಅಂಶವನ್ನು ಅಳೆಯಬೇಕಾಯಿತು. ಆದ್ದರಿಂದ ಡಿಎನ್‌ಎ ಮೂಲಕ ಹುಲಿಯ ಗುರುತು ಹಿಡಿದು, ಅದೇ ಹುಲಿಯ ಹಿಕ್ಕೆಯನ್ನು ತಿಂಗಳುಗಟ್ಟಲೆ ಸಂಗ್ರಹಿಸುವುದು ಅನಿವಾರ್ಯ.

ಈ ಪರೀಕ್ಷೆಗಳ ಪರಿಣತಿ ಹೈದರಾಬಾದಿನ ಸಿಸಿಎಂಬಿ (ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸಂಸ್ಥೆಯಲ್ಲಿಯೇ ಇದೆ. ಅರಣ್ಯ ಇಲಾಖೆಯು ಅದರ ನೆರವು ಪಡೆದು, ಬಂಡೀಪುರ ಮತ್ತು ನಾಗರಹೊಳೆಯ ಸಫಾರಿ ವಲಯ ಹಾಗೂ ಸಫಾರಿಯಿಲ್ಲದ ವಲಯ ಎರಡರಲ್ಲೂ ಹಿಕ್ಕೆ ಸಂಗ್ರಹಿಸಿ, ಒತ್ತಡದ ಮತ್ತು ಸಂತಾನೋತ್ಪತ್ತಿಯ ಹಾರ್ಮೋನುಗಳನ್ನು ಹೋಲಿಸಿ ನೋಡಬೇಕು. ಗಸ್ತಿನ ಸಿಬ್ಬಂದಿಗೆ ತರಬೇತಿಯನ್ನೂ ಕ್ಯಾಂಪ್‌ಗಳಿಗೆ ಶೈತ್ಯಪೆಟ್ಟಿಗೆಗಳನ್ನೂ ಒದಗಿಸುವುದು ಸರ್ಕಾರಕ್ಕೆ ಭಾರವಾಗದು. ಸಫಾರಿ ವಾಹನಗಳ ಸಂಖ್ಯೆಯನ್ನು ಹೆಚ್ಚಿಸುವ ಯಾವುದೇ ಪ್ರಸ್ತಾವಕ್ಕೆ ಒಪ್ಪಿಗೆ ನೀಡುವ ಮುನ್ನ ಇಂತಹ ಅಧ್ಯಯನದ ಕನಿಷ್ಠ ಒಂದು ವರ್ಷದ ಫಲಿತಾಂಶವನ್ನು ಜನರ ಮುಂದಿಡಬೇಕೆಂದು ಅರಣ್ಯ ಸಚಿವರನ್ನು ಕೋರುತ್ತೇನೆ.

– ಓದುಗರೊಬ್ಬರು, ಮೈಸೂರು