ಸಹಿ ಬಿತ್ತು, ಇನ್ನು ನಿಮಗೆಲ್ಲ ಥ್ಯಾಂಕ್ಸ್ ಹೇಳಬೇಕು

ನಿನ್ನೆ ರಾತ್ರಿ ಮತ ಎಣಿಕೆ ಮುಗಿಯಿತು. ನಮ್ಮ ಯೂನಿಯನ್ನಿಗೂ ವಿಶ್ವವಿದ್ಯಾಲಯಕ್ಕೂ ಆದ ಒಪ್ಪಂದ ಪಾಸಾಯಿತು. ಅಮೆರಿಕದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಾ, ಪಾಠ ಹೇಳುತ್ತಾ, ಪೇಪರ್ ತಿದ್ದುತ್ತಾ, ಲ್ಯಾಬ್‌ನಲ್ಲಿ ರಾತ್ರಿ ಕಳೆಯುವ ನಮಗೆಲ್ಲ ಇದು ಮೊದಲ ಒಪ್ಪಂದ. ಒಂದೂವರೆ ವರ್ಷ ಮಾತುಕತೆ, ಕೊನೆಗೆ ಮೂರು ವಾರ ಮುಷ್ಕರ. ಘೋಷಣೆ ಕೂಗಿ ಕೂಗಿ ಗಂಟಲು ಕಟ್ಟಿದೆ, ಅದಕ್ಕೇ ಬರೆದು ಹೇಳುತ್ತಿದ್ದೇನೆ.

ಮೊದಲು ಅಮ್ಮನಿಗೆ. ಅಮ್ಮ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ತೂಕ, ಊಟ, ಬಾಣಂತಿಯರ ಲೆಕ್ಕ, ಅದರ ಮೇಲೆ ಸರ್ವೆ ಕೆಲಸ. ಇಷ್ಟಕ್ಕೂ ತಿಂಗಳಿಗೆ ಬರುವ ಹಣಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕು ಅಂತ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದ ಮೇಲೂ, ಅದು ಕೈಗೆ ಬರಲಿ ಅಂತ 2023ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತವರಲ್ಲಿ ಅಮ್ಮನೂ ಒಬ್ಬಳು.

ಇಲ್ಲಿ ನಮಗೆ ಸಿಗುವುದಕ್ಕೆ ಸ್ಟೈಪೆಂಡ್ ಅನ್ನುತ್ತಾರೆ. ನೀವು ವಿದ್ಯಾರ್ಥಿಗಳು, ಕೆಲಸಗಾರರಲ್ಲ ಅನ್ನುವ ಮಾತು ಈ ದೇಶದಲ್ಲಿ ಬಹಳ ಹಳೆಯದು. 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಕೇಸಿನಲ್ಲಿ ಯೂನಿಯನ್ ತಕರಾರುಗಳನ್ನು ತೀರ್ಮಾನಿಸುವ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯೂ ಅದನ್ನೇ ಹೇಳಿತ್ತು. 2016ರ ಆಗಸ್ಟ್‌ನಲ್ಲಿ ಕೊಲಂಬಿಯಾ ಕೇಸಿನಲ್ಲಿ ಆ ತೀರ್ಪು ಬದಲಾಗಿ, ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ, ಸಂಶೋಧನೆಗೆ ದುಡಿಯುವ ವಿದ್ಯಾರ್ಥಿಗಳೂ ನೌಕರರೇ ಅಂತಾಯಿತು. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು, 'ಹೆಸರು ಏನಾದ್ರೂ ಇಟ್ಕೊಳ್ಳಲಿ ಕಣೇ, ಕೆಲಸ ನೀನೇ ತಾನೆ ಮಾಡ್ತಿರೋದು' ಅಂದಳು. ಮರುದಿನವೇ ನಾನು ಯೂನಿಯನ್ ಕಾರ್ಡಿಗೆ ಸಹಿ ಹಾಕಿದೆ.

ಆದರೆ ಸಹಿ ಹಾಕುವುದು ಬೇರೆ, ಮುಷ್ಕರಕ್ಕೆ ಇಳಿಯುವುದು ಬೇರೆ. ನನ್ನದು ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ, ಹೊರಗೆ ಸುಮ್ನೆ ಯಾವುದೋ ಕೆಲಸ ಹಿಡಿಯುವ ಹಾಗೂ ಇಲ್ಲ. ಬಾಡಿಗೆಗೇ ಅರ್ಧಕ್ಕಿಂತ ಜಾಸ್ತಿ ಹೋಗುತ್ತಿತ್ತು. ಹಲ್ಲಿಗೆ ಇನ್ಶೂರೆನ್ಸ್ ಇರಲಿಲ್ಲ. ದವಡೆ ಹಲ್ಲು ನೋವನ್ನು ಎಂಟು ತಿಂಗಳು ಮಾತ್ರೆ ನುಂಗಿ ತಡೆದು, ರಜೆಗೆ ಊರಿಗೆ ಹೋದಾಗ ತಿಪಟೂರಿನಲ್ಲಿ ಕೀಳಿಸಿಕೊಂಡು ಬಂದೆ. ಇಷ್ಟಾದರೂ ಬೋರ್ಡು ಹಿಡಿದು ಗೇಟಿನ ಮುಂದೆ ನಿಲ್ಲಲು ಕೈಕಾಲು ನಡುಗುತ್ತಿತ್ತು. ವೀಸಾ ಹೋದರೆ ಏನು ಗತಿ?

ಆಗ ನಮ್ಮ ಮನೆಮನೆಗೆ ಬಂದು ಕೂತು, ಯಾವುದು ಕಾನೂನು, ಯಾವುದು ಬರೀ ಗಾಳಿಸುದ್ದಿ ಅಂತ ತಾಳ್ಮೆಯಿಂದ ಬಿಡಿಸಿ ಹೇಳಿದ ಸೀನಿಯರ್‌ಗೆ ನಾನು ಯಾವತ್ತೂ ಋಣಿ. ಯೂನಿಯನ್ ಸೇರುವ ಹಕ್ಕು, ಮುಷ್ಕರದ ಹಕ್ಕು ನಮಗೂ ಇದೆ ಅಂತ ಅವಳು ಹೇಳದಿದ್ದರೆ ನಮ್ಮಲ್ಲಿ ಅರ್ಧ ಜನ ರೂಮಿನಿಂದ ಹೊರಗೆ ಬರುತ್ತಿರಲಿಲ್ಲ. ಅವಳ ಥೀಸಿಸ್ ಒಂದು ಸೆಮಿಸ್ಟರ್ ಹಿಂದೆ ಬಿತ್ತು. ಅದು ನಮಗೆಲ್ಲ ಗೊತ್ತು.

ನಮ್ಮ ಪರವಾಗಿ ಮಾತುಕತೆಗೆ ಕೂತ ಬಾರ್ಗೇನಿಂಗ್ ಕಮಿಟಿಯವರಿಗೆ ಏನು ಹೇಳಲಿ! ಒಂದು ಪದಕ್ಕಾಗಿ ನಾಲ್ಕು ಗಂಟೆ ಕೂತಿದ್ದೀರಿ. ಗೈಡ್ ಜೊತೆ ಸಂಬಂಧ ಕೆಟ್ಟರೆ ಬೇರೆ ಲ್ಯಾಬ್ ಸಿಗುವ ತನಕ ಸ್ಟೈಪೆಂಡ್ ನಿಲ್ಲಬಾರದು ಅನ್ನುವ ಕಲಂ ನಿಮ್ಮಿಂದ ಬಂತು. ಜಗಳವಾದರೆ ಹೊರಗಿನ ಮಧ್ಯಸ್ಥರ ಹತ್ತಿರ ಹೋಗಬಹುದು ಅನ್ನುವುದೂ ಬಂತು. ಮುಂದೆ ಬರುವ ಹುಡುಗಿಯರಿಗೆ ಸಂಬಳಕ್ಕಿಂತ ಇದೇ ದೊಡ್ಡದು ಅಂತ ನನಗನ್ನಿಸುತ್ತದೆ.

ಮೂರು ವಾರ ನಮ್ಮ ಒಲೆ ಉರಿದದ್ದು ಕಾರು ಕಾರ್ಖಾನೆಯ ಕಾರ್ಮಿಕರ ದುಡ್ಡಿನಿಂದ. ನಮ್ಮ ಯೂನಿಯನ್ ಸೇರಿರುವುದು ಯುಎಡಬ್ಲ್ಯುಗೆ, 1935ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ವಾಹನ ಕಾರ್ಮಿಕರ ಸಂಘಕ್ಕೆ. ಅವರು ವರ್ಷಗಟ್ಟಲೆ ಚಂದಾ ಕಟ್ಟಿ ಬೆಳೆಸಿದ ನಿಧಿಯಿಂದ ನಮಗೆ ವಾರಕ್ಕೆ 500 ಡಾಲರ್ ಬಂತು. ಮುಖವನ್ನೇ ನೋಡದ ಆ ಜನರಿಗೆ ಕೈಮುಗಿಯುತ್ತೇನೆ. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಮುಷ್ಕರಕ್ಕೆ ಇಳಿದ 48,000 ಜನರಿಗೂ. ನಮ್ಮಿಂದಲೂ ಆದೀತು ಅನ್ನಿಸಿದ್ದು ಅವರನ್ನು ನೋಡಿ.

ಗೇಟಿನ ಮುಂದೆ ಬೋರ್ಡು ಹಿಡಿದು ನಿಂತ ನಮ್ಮ ಪಿಕೆಟ್ ಲೈನ್ ಕಂಡು ಟ್ರಕ್ ತಿರುಗಿಸಿಕೊಂಡು ಹೋದ ಡ್ರೈವರಣ್ಣಂದಿರಿಗೆ ಥ್ಯಾಂಕ್ಸ್. ಟ್ರೇಗಟ್ಟಲೆ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ ತಂದ ಕನ್ನಡ ಕೂಟದ ಆಂಟಿಯರಿಗೂ. ಆ ಚಳಿಯಲ್ಲಿ ನಿಂಬೆಹುಳಿ ವಾಸನೆ ಬಂದಾಗ ನನಗೆ ಅಳು ಬಂತು. ಕ್ಲಾಸು ತಪ್ಪಿದರೂ ನಮ್ಮ ಜೊತೆ ನಿಂತ ನನ್ನ ಸೆಕ್ಷನ್‌ನ ಮಕ್ಕಳೇ, ಬಾಕಿ ಇರುವ ನಿಮ್ಮ ಪೇಪರ್‌ಗಳನ್ನು ಈ ವಾರವೇ ತಿದ್ದಿ ಕೊಡುತ್ತೇನೆ.

ಇನ್ನು, ಒಪ್ಪಂದ ಬೇಡ ಅಂತ ಮತ ಹಾಕಿದವರಿಗೆ. ಕೋಪ ಮಾಡಿಕೊಂಡು ದೂರ ಹೋಗಬೇಡಿ. ಬಾಡಿಗೆ ಏರಿದಂತೆ ಸಂಬಳವೂ ಏರಬೇಕು ಅಂತ ನಾವು ಕೇಳಿದ್ದೆವು, ಅದು ಸಿಗಲಿಲ್ಲ. ಮಕ್ಕಳಿರುವವರಿಗೆ ಸಿಕ್ಕಿದ್ದು ತೀರಾ ಕಡಿಮೆ. ನೀವು ಹೇಳಿದ್ದು ಸರಿ. ನಾನು ಒಪ್ಪಿ ಮತ ಹಾಕಿದವಳು, ಆದರೂ ಹೇಳುತ್ತೇನೆ. ಮೂರು ವರ್ಷಕ್ಕೆ ಈ ಒಪ್ಪಂದ ಮುಗಿಯುತ್ತದೆ. ನಿಮ್ಮ ಪಟ್ಟಿಯನ್ನು ಈಗಲೇ ಬರೆದಿಡಿ. ಸೋಮವಾರ ಸಂಜೆ ಯೂನಿಯನ್ ರೂಮಿಗೆ ಬನ್ನಿ, ಚಿತ್ರಾನ್ನ ಈ ಸಲ ನಾನು ಮಾಡಿ ತರುತ್ತೇನೆ.