ಪಾಸಿಟಿವ್ ಆಗಿರಿ ಅಂದ್ರೆ ಮುಗೀತಾ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಲ್ಲಿ ಆಫೀಸ್ ಟೆನ್ಷನ್ ಕಮ್ಮಿ ಮಾಡ್ಕೊಳ್ಳೋದು ಹೇಗೆ ಅಂತ ಆಗಾಗ ಟಿಪ್ಸ್ ಬರ್ತಿರುತ್ತೆ, ದೀರ್ಘವಾಗಿ ಉಸಿರಾಡಿ, ಪಾಸಿಟಿವ್ ಆಗಿರಿ, ನಗ್ತಾ ಮಾತಾಡಿ, ಹೀಗೆ. ತಪ್ಪೇನಿಲ್ಲ. ಆದ್ರೆ ಕೆಲಸದ ಜಾಗದ ಮನಶ್ಶಾಸ್ತ್ರ ಅಂದ್ರೆ ಇಷ್ಟೇ ಅಂತ ಜನ ಅಂದ್ಕೊಂಡ್ಬಿಟ್ಟಿದಾರೆ, ಅದಕ್ಕೇ ಈ ಪತ್ರ.

ಈ ಶಾಸ್ತ್ರಕ್ಕೆ ನೂರು ವರ್ಷದ ಮೇಲಾಯ್ತು. ಹ್ಯೂಗೊ ಮ್ಯೂನ್‌ಸ್ಟರ್‌ಬರ್ಗ್ ಅನ್ನೋ ಮನಶ್ಶಾಸ್ತ್ರಜ್ಞರು 1913ರ ಹೊತ್ತಿಗೇ ಟ್ರಾಮ್ ಓಡಿಸೋರಿಗೆ ಗಮನದ ಟೆಸ್ಟ್ ಮಾಡಿ ಯಾವ ಕೆಲಸಕ್ಕೆ ಯಾರು ಸರಿ ಅಂತ ನೋಡ್ತಿದ್ರು. ಆಮೇಲೆ ಬಂದಿದ್ದು ಶಿಕಾಗೊ ಹತ್ರದ ಹಾಥಾರ್ನ್ ಕಾರ್ಖಾನೆಯ ಪ್ರಯೋಗ, 1924ರಿಂದ 1932ರ ತನಕ. ಲೈಟ್ ಜಾಸ್ತಿ ಮಾಡಿದ್ರೂ ಕೆಲಸ ಜಾಸ್ತಿ ಆಯ್ತು, ಕಮ್ಮಿ ಮಾಡಿದ್ರೂ ಜಾಸ್ತಿ ಆಯ್ತು, ಯಾಕಂದ್ರೆ ನಮ್ಮನ್ನ ಗಮನಿಸ್ತಿದಾರೆ ಅನ್ನೋದೇ ಅವರಿಗೆ ಹುರುಪು ಅಂತ ಆಫೀಸುಗಳಿಗೆ ಬಂದು ಟ್ರೈನಿಂಗ್ ಕೊಡೋ ಪ್ರತಿ ಟ್ರೈನರೂ ಹೇಳೋ ಕಥೆ. ಆ ಅಂಕಿಅಂಶಗಳನ್ನ ಆಮೇಲೆ ಬೇರೆಯವರು ತೆಗೆದು ನೋಡಿ ಅಷ್ಟು ಸಲೀಸಾಗಿ ಹಾಗನ್ನೋಕಾಗಲ್ಲ ಅಂದ್ರು. ಅಲ್ಲಿ ಒಂದು ಕೋಣೇಲಿ ಐದು ಜನ ಹೆಣ್ಮಕ್ಕಳನ್ನ ಕೂರಿಸಿ ಅವರ ಕೆಲಸ ನೋಡ್ತಿದ್ರು, ಅವರಲ್ಲಿ ಇಬ್ಬರನ್ನ ಮಾತು ಜಾಸ್ತಿ, ಸಹಕಾರ ಇಲ್ಲ ಅಂತ ಮಧ್ಯದಲ್ಲೇ ಬದಲಾಯಿಸಿದ್ರು. ಇದನ್ನ ಯಾವ ಟ್ರೈನರೂ ಹೇಳಿದ್ದು ನಾನು ಕೇಳಿಲ್ಲ ನೋಡಿ!

ನನಗೆ ಮುಖ್ಯ ಅನ್ಸೋದು ಆಮೇಲಿನದ್ದು. 1979ರಲ್ಲಿ ರಾಬರ್ಟ್ ಕರಾಸೆಕ್ ಅನ್ನೋ ಸಂಶೋಧಕರು ಹೇಳಿದ್ದೇನಂದ್ರೆ ಬರೀ ಕೆಲಸ ಜಾಸ್ತಿ ಇದ್ದ ಮಾತ್ರಕ್ಕೆ ಮನುಷ್ಯ ಕುಗ್ಗಲ್ಲ, ಕೆಲಸ ತಲೆ ಮೇಲೆ ಬಿದ್ದಿರುತ್ತೆ ಆದ್ರೆ ಹೇಗೆ ಮಾಡ್ಬೇಕು ಯಾವಾಗ ಮಾಡ್ಬೇಕು ಅನ್ನೋದು ಒಂಚೂರೂ ಅವನ ಕೈಲಿರಲ್ಲ, ಆಗ ಕುಗ್ತಾನೆ. ಬ್ರಿಟನ್ ಸರ್ಕಾರಿ ನೌಕರರನ್ನ 1967ರಿಂದ ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲೂ ಹೃದಯದ ಕಾಯಿಲೆಯಿಂದ ಜಾಸ್ತಿ ಸತ್ತಿದ್ದು ಮೇಲಿನ ಸಾಹೇಬ್ರುಗಳಲ್ಲ, ಕೆಳಗಿನ ದರ್ಜೆಯವರು. ಸಿಗರೇಟು, ಬಿಪಿ ಲೆಕ್ಕ ಕಳೆದ ಮೇಲೂ ಆ ವ್ಯತ್ಯಾಸ ಪೂರ್ತಿ ಹೋಗ್ಲಿಲ್ಲ. ಇದಕ್ಕೆ ದೀರ್ಘ ಉಸಿರಾಟ ಏನ್ ಮಾಡುತ್ತೆ ಹೇಳಿ.

ನಾನು ಮುಂಚೆ ಇದ್ದ ಒಂದು ಆಫೀಸಿನ ಮಾತು. ಹೊಸದಾಗಿ ಸೇರಿದ್ದ ಹುಡುಗಿಗೆ ಒಂದು ಎಕ್ಸೆಲ್ ಶೀಟಲ್ಲಿ ಟೋಟಲ್ ತಪ್ಪಿರೋದು ಕಾಣಿಸ್ತು, ಕೊನೇ ಎರಡು ಸಾಲು ಫಾರ್ಮುಲಾ ಒಳಗೆ ಬಂದೇ ಇರಲಿಲ್ಲ. ಮೂರು ದಿನ ಬಾಯಿ ಬಿಡ್ಲಿಲ್ಲ. ಯಾಕೆ ಅಂದ್ರೆ ಹಿಂದಿನ ವಾರವಷ್ಟೇ ಇಂಥದ್ದೇ ತಪ್ಪು ತಾನಾಗೇ ಹೇಳಿದ ಒಬ್ಬರನ್ನ ಮೀಟಿಂಗಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಕ್ಲಾಸ್ ತಗೊಂಡಿದ್ರು. ಅಷ್ಟೊತ್ತಿಗೆ ರಿಪೋರ್ಟ್ ಮೇಲೆ ಹೋಗಾಗಿತ್ತು. ಆಮೇಲೆ ಎಲ್ಲರೂ ಬೈದಿದ್ದು ಅವಳನ್ನೇ.

1999ರಲ್ಲಿ ಏಮಿ ಎಡ್ಮಂಡ್ಸನ್ ಅನ್ನೋ ಸಂಶೋಧಕಿ ಬರೆದಿದ್ದು ಇಂಥದ್ದನ್ನೇ, ತಪ್ಪು ಒಪ್ಕೊಂಡ್ರೆ, ಗೊತ್ತಿಲ್ಲ ಅಂದ್ರೆ ಮರ್ಯಾದೆ ಹೋಗಲ್ಲ ಅನ್ನೋ ಧೈರ್ಯ ಟೀಮಲ್ಲಿ ಇರ್ಬೇಕು, ಆಗ್ಲೇ ಟೀಮು ಕಲಿಯೋದು ಅಂತ. ಅದಕ್ಕೂ ಮುಂಚೆ ಆಸ್ಪತ್ರೆಗಳಲ್ಲಿ ಔಷಧಿ ಕೊಡೋದ್ರಲ್ಲಿ ಆಗೋ ತಪ್ಪುಗಳನ್ನ ನೋಡಿದಾಗ ಅವರಿಗೆ ವಿಚಿತ್ರ ಕಂಡಿತ್ತು, ಚೆನ್ನಾಗಿರೋ ಟೀಮುಗಳ ಲೆಕ್ಕದಲ್ಲೇ ತಪ್ಪು ಜಾಸ್ತಿ! ಅವರು ಜಾಸ್ತಿ ತಪ್ಪು ಮಾಡ್ತಿದ್ರು ಅಂತಲ್ಲ, ಮುಚ್ಚಿಡ್ತಿರಲಿಲ್ಲ ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್‌ನ (ಕೆಲಸದ ಒತ್ತಡ ತಡೆಯದೆ ಪೂರ್ತಿ ಬಳಲಿ ಹೋಗೋದನ್ನ) ಕಾಯಿಲೆ ಅನ್ನದೆ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಬರೆದಿರೋದನ್ನೂ ನಿಮ್ಮ ಅಂಕಣದವರು ಒಮ್ಮೆ ನೋಡ್ಲಿ. ಟಿಪ್ಸ್ ಬರೀವಾಗ ಮ್ಯಾನೇಜರುಗಳಿಗೂ ನಾಲ್ಕು ಟಿಪ್ಸ್ ಹಾಕಿ ಸ್ವಾಮಿ.

ಆ ಎಕ್ಸೆಲ್ ಗಲಾಟೆ ಆದ್ಮೇಲೆ ನಮಗೆಲ್ಲ ಒಂದು ಸೆಷನ್ ಇಟ್ಟಿದ್ರು, ಮನಸ್ಸು ಬಿಚ್ಚಿ ಮಾತಾಡೋದು ಹೇಗೆ ಅಂತ. ಕೊನೇಲಿ ಫೀಡ್‌ಬ್ಯಾಕ್ ಫಾರ್ಮ್ ಕೊಟ್ರು, ಹೆಸರು ಬರೀಲೇಬೇಕು ಅಂದ್ರು. ಎಲ್ಲರೂ ಐದಕ್ಕೆ ಐದು ಸ್ಟಾರ್ ಕೊಟ್ವಿ, ನಾನೂ ಕೊಟ್ಟೆ.

ಇತಿ,
ನಿಮ್ಮ ಹಳೇ ಓದುಗ